ಟೂಲ್‌ಗೆ ಎಂತ ಕಾಣೋದಿಲ್ಲ ಅಂತ ಮೊದ್ಲು ಬರೀರಿ

(ಶಿರಸಿಯಲ್ಲಿ ಇಂಜಿನಿಯರಿಂಗ್ ಓದೋ ಹುಡುಗ್ರು, ಮನೆಯಿಂದ್ಲೇ ಸಾಫ್ಟ್‌ವೇರ್ ಕೆಲ್ಸ ಮಾಡೋ ಕೆಲವರು ಸೇರಿದ್ದ ಕಡೆ ಮಾತಾಡಿದ್ದು. ಅಲ್ಲಿ ಫೋನಿನ ಪರದೆಯನ್ನ ಗೋಡೆ ಮೇಲೆ ದೊಡ್ಡದಾಗಿ ತೋರಿಸ್ತಾ ಹೇಳ್ತಾ ಇದ್ದೆ, ಇಲ್ಲಿ ಅದು ಇಲ್ದೇ ಇರೋದ್ರಿಂದ ಕೆಲವು ಕಡೆ ಸ್ವಲ್ಪ ಬಿಡಿಸಿ ಬರ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕುಮಟಾ, ಸಿದ್ದಾಪುರ, ಯಲ್ಲಾಪುರದಿಂದೆಲ್ಲ ಬೆಳಿಗ್ಗೆನೇ ಬಸ್ ಹಿಡ್ದು ಬಂದವ್ರು ಇದ್ದೀರಿ, ಹಾಗಾಗಿ ಸೀದಾ ವಿಷಯಕ್ಕೇ ಬರ್ತೇನೆ. ಎಐ ಏಜೆಂಟ್ ಅಂದ್ರೆ ಬರೀ ಪ್ರಶ್ನೆಗೆ ಉತ್ರ ಕೊಡೋ ಚಾಟ್ ಅಲ್ಲ. ಕೈಗೆ ಟೂಲ್ ಕೊಟ್ರೆ ಅದನ್ನ ತಾನೇ ಓಡಿಸಿ, ಬಂದ ಔಟ್‌ಪುಟ್ ಓದಿ, ಮುಂದೆ ಎಂತ ಮಾಡ್ಬೇಕು ಅಂತ ತಾನೇ ತೀರ್ಮಾನ ಮಾಡೋ ಪ್ರೋಗ್ರಾಂ. ನಾವು ಒಂದು ಮೊಬೈಲ್ ಆ್ಯಪ್ ಮಾಡಿದ್ದೇವೆ, ಅದ್ರಲ್ಲಿ ಒಂದು ಬಟನ್ ಒತ್ತಿದ್ರೆ ಏನೂ ಆಗ್ತಾ ಇಲ್ಲ, 'ಯಾಕೆ ನೋಡು' ಅಂತ ಏಜೆಂಟಿಗೆ ಹೇಳ್ತೇವೆ. ಅದು ಫೋನಿನ ಪರದೆ ನೋಡ್ಬೇಕು, ಒತ್ಬೇಕು, ಲಾಗ್ (ಆ್ಯಪ್ ಓಡೋವಾಗ ಎಂತ ಆಯ್ತು ಅನ್ನೋ ದಾಖಲೆ) ಓದ್ಬೇಕು, ಕೋಡ್ ತಿದ್ಬೇಕು, ಮತ್ತೆ ಪರದೆ ನೋಡ್ಬೇಕು. ಇದಕ್ಕೆ ಬೇಕಾದ ಡೀಬಗ್ (ದೋಷ ಹುಡುಕೋ) ಟೂಲ್‌ಗಳು ಹೊಸವೇನಲ್ಲ, ಎಷ್ಟೋ ವರ್ಷದಿಂದ ಇವೆ. ಹೊಸದು ಎಂತ ಅಂದ್ರೆ ಅವುಗಳ ಡಾಕ್ಯುಮೆಂಟೇಶನ್, ಅಂದ್ರೆ ಬಳಸೋದು ಹೇಗೆ ಅಂತ ಬರ್ದಿಟ್ಟದ್ದನ್ನ, ಓದೋದು ಈಗ ಮನುಷ್ಯ ಒಬ್ಬನೇ ಅಲ್ಲ.

ನಾನು ಇವತ್ತು ಹೇಳ್ಲಿಕ್ಕೆ ಬಂದದ್ದು ಒಂದೇ ಮಾತು. ಏಜೆಂಟಿಗೋಸ್ಕರ ಟೂಲ್ ಬಗ್ಗೆ ಬರಿಯೋವಾಗ ಅದು ಎಂತೆಲ್ಲ ಮಾಡ್ತದೆ ಅನ್ನೋದಕ್ಕಿಂತ ಅದಕ್ಕೆ ಎಂತ ಕಾಣೋದಿಲ್ಲ, ಯಾವ ಹೊತ್ತಲ್ಲಿ ಅದು ಕೊಟ್ಟ ಉತ್ರವನ್ನ ನಂಬಬಾರ್ದು, ಇದನ್ನ ಬರೀಬೇಕು, ಅದನ್ನೇ ಮೊದ್ಲು ಬರೀಬೇಕು. ಯಾಕೆ ಅಂದ್ರೆ ನಮ್ಮ ಕೈಯಲ್ಲಿ ಫೋನ್ ಇರ್ತದೆ. ಟೂಲ್ ಹೇಳಿದ್ದಕ್ಕೂ ಕಣ್ಣಿಗೆ ಕಾಣೋದಕ್ಕೂ ತಾಳೆ ಆಗ್ಲಿಲ್ಲ ಅಂದ್ರೆ ಅಲ್ಲೇ ಗೊತ್ತಾಗ್ತದೆ, 'ಓ ಇದು ಹಳೇದು ತೋರಿಸ್ತಾ ಇದೆ' ಅಂತ ಬಿಟ್ಟಾಕಿ ಇನ್ನೊಂದ್ಸಲ ಓಡಿಸ್ತೇವೆ. ಏಜೆಂಟಿಗೆ ಆ ಎರಡ್ನೇ ಕಣ್ಣಿಲ್ಲ, ಟೂಲ್ ಹೇಳಿದ್ದೇ ಅದಕ್ಕೆ ಪ್ರಪಂಚ. ಅಡಿಕೆ ತೋಟಕ್ಕೆ ಹೊಸ ಕೊನೆಗೌಡ, ಅಂದ್ರೆ ಮರ ಹತ್ತಿ ಕೊನೆ ಇಳಿಸೋವ್ನು, ಬಂದ್ರೆ ನಾವು ಅವನಿಗೆ ಕೊನೆ ಕೊಯ್ಯೋದು ಹೇಗೆ ಅಂತ ಕಲಿಸ್ಲಿಕ್ಕೆ ಹೋಗೋದಿಲ್ಲ, ಅದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಯಾವ ಮರ ಪೊಳ್ಳು, ಯಾವುದಕ್ಕೆ ಹತ್ತಬಾರ್ದು ಅಂತ ಹೇಳ್ತೇವೆ. ಡಾಕ್ಯುಮೆಂಟೇಶನ್ ಕೆಲ್ಸವೂ ಅದೇ.

ಇವತ್ತಿಗೆ ಉದಾಹರಣೆಗೆ ಅಂತ ಒಂದು ಸಣ್ಣ ಆ್ಯಪ್ ಇಟ್ಕೊಂಡಿದ್ದೇನೆ, ಅಡಿಕೆ ದರ ತೋರಿಸೋದು. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ ಅಂತ ಸಾಲಾಗಿ ಒಂದು ಪಟ್ಟಿ, ಮೇಲೆ ಹುಡುಕೋ ಬಾಕ್ಸ್, ಬಲಗಡೆ ಮೂರು ಐಕಾನು, ಕೆಳಗೆ ಒಂದು ಗ್ರಾಫ್. ಶಿರಸಿಯವರಿಗೆ ಇದಕ್ಕಿಂತ ಬೇಗ ಅರ್ಥ ಆಗೋ ಆ್ಯಪ್ ನನಗೆ ಹೊಳೀಲಿಲ್ಲ.

ಏಜೆಂಟ್ ಈ ಪರದೆಯನ್ನ ಎರಡು ದಾರಿಯಲ್ಲಿ ನೋಡಬಹುದು. ಒಂದು ಚಿತ್ರ, ಅಂದ್ರೆ ಸ್ಕ್ರೀನ್‌ಶಾಟ್. ಇನ್ನೊಂದು ಮರ, ಅಂದ್ರೆ ಪರದೆ ಮೇಲಿರೋ ಪ್ರತಿ ವಸ್ತುವನ್ನ ಯಾವುದ್ರ ಒಳಗೆ ಯಾವುದು ಅಂತ ಕೊಂಬೆ ಕೊಂಬೆಯಾಗಿ ಬರ್ದ ಎಕ್ಸ್ಎಂಎಲ್. ಆಂಡ್ರಾಯ್ಡಲ್ಲಿ ಎಡಿಬಿ (ಕಂಪ್ಯೂಟರಿಂದ ಫೋನಿಗೆ ಕಮಾಂಡ್ ಕೊಡೋ ಟೂಲ್) ಮೂಲಕ ಸ್ಕ್ರೀನ್‌ಕ್ಯಾಪ್ ಅಂತ ಕಮಾಂಡ್ ಕೊಟ್ರೆ ಚಿತ್ರ ಬರ್ತದೆ, ಯುಐಆಟೊಮೇಟರ್ ಡಂಪ್ ಅಂತ ಕೊಟ್ರೆ ಮರ ಬರ್ತದೆ. ಯುಐಆಟೊಮೇಟರ್ 2012ರಲ್ಲಿ ಆಂಡ್ರಾಯ್ಡ್ 4.1ರ ಕಾಲದಲ್ಲಿ ಬಂದದ್ದು, ಟೆಸ್ಟಿಂಗ್ ಮಾಡೋವ್ರಿಗೆ ಅಂತ. ಐಫೋನ್ ಕಡೆ, ಮ್ಯಾಕ್ ಕಂಪ್ಯೂಟರಲ್ಲಿ ಮಾತ್ರ ಓಡೋ ಆ್ಯಪ್ ಕಟ್ಟೋ ಸಾಫ್ಟ್‌ವೇರ್ ಆದ ಎಕ್ಸ್‌ಕೋಡ್ ಜೊತೆಗೆ ಬರೋ ಆಕ್ಸೆಸಿಬಿಲಿಟಿ ಇನ್ಸ್‌ಪೆಕ್ಟರ್ ಇದೆ, 2015ರಿಂದ ಎಕ್ಸ್‌ಸಿಯುಐಟೆಸ್ಟ್ ಇದೆ. ಎರಡೂ ಕಡೆಗೆ ಒಟ್ಟಿಗೆ ಆಗ್ಬೇಕು ಅಂದ್ರೆ ಆ್ಯಪಿಯಂ ಇದೆ. ಹೆಸರು ಗೊತ್ತಿದ್ರೆ ಸಾಕು, ಇವತ್ತು ಹೆಚ್ಚಿನ ಮಾತು ಆಂಡ್ರಾಯ್ಡ್ ಮೇಲೇ, ಯಾಕಂದ್ರೆ ಇಲ್ಲಿ ಕೂತವರ ಹತ್ರ ಮ್ಯಾಕ್ ಇರೋವ್ರು ಕಡಿಮೆ, ಒಂದು ಹಳೇ ಆಂಡ್ರಾಯ್ಡ್ ಫೋನು ಎಲ್ಲರ ಮನೇಲೂ ಬಿದ್ದಿರ್ತದೆ.

ಈ ಮರದ ಒಂದು ಎಲೆ ಹತ್ರದಿಂದ ನೋಡಿ. ರಾಶಿ ಅನ್ನೋ ಸಾಲಿಗೆ ಡಂಪ್‌ನಲ್ಲಿ ಇರೋದು ಹೀಗೆ: ಟೆಕ್ಸ್ಟ್ ಅಂದ್ರೆ 'ರಾಶಿ', ರಿಸೋರ್ಸ್ ಐಡಿ ಅಂತ ಡೆವಲಪರ್ ಇಟ್ಟ ಹೆಸರು, ಕ್ಲಾಸ್ ಟೆಕ್ಸ್ಟ್‌ವ್ಯೂ, ಪ್ಯಾಕೇಜ್ ಯಾವ ಆ್ಯಪ್ ಅಂತ, ಕ್ಲಿಕೇಬಲ್ ಹೌದೋ ಅಲ್ವೋ, ಎನೇಬಲ್ಡ್ ಹೌದೋ ಅಲ್ವೋ, ಕೊನೆಗೆ ಬೌಂಡ್ಸ್ [42,318][1038,462]. ಮೊದಲ ಜೋಡಿ ಎಡ ಮೇಲಿನ ಮೂಲೆ, ಎರಡ್ನೇದು ಬಲ ಕೆಳಗಿನ ಮೂಲೆ. ನಡುವೆ ಒತ್ಬೇಕು ಅಂದ್ರೆ ಅಡ್ಡ 540, ಉದ್ದ 390. ಏಜೆಂಟ್ ಲೆಕ್ಕ ಹಾಕಿ ಇನ್‌ಪುಟ್ ಟ್ಯಾಪ್ 540 390 ಅಂತ ಕೊಟ್ರೆ ಆ ಸಾಲು ತೆರ್ಕೊಳ್ತದೆ. ಇಷ್ಟು ಎಲ್ಲಾ ಕಡೆ ಬರ್ದಿರ್ತದೆ, ಚೆನ್ನಾಗೇ ಬರ್ದಿರ್ತದೆ.

ಈಗ ಬಲಗಡೆ ಇರೋ ಮೂರು ಐಕಾನ್ ನೋಡಿ. ಮೂರಕ್ಕೂ ಟೆಕ್ಸ್ಟ್ ಖಾಲಿ, ಕಂಟೆಂಟ್ ಡಿಸ್ಕ್ರಿಪ್ಷನ್ ಖಾಲಿ, ಕ್ಲಾಸ್ ಇಮೇಜ್‌ಬಟನ್. ಮರದಲ್ಲಿ ನೋಡಿದ್ರೆ ಮೂರು ಹೆಸರಿಲ್ದ ಬಟನ್. ಒಂದು ರಿಫ್ರೆಶ್, ಒಂದು ಶೇರ್, ಒಂದು ಉಳಿಸಿಟ್ಟ ಪಟ್ಟಿ ಅಳಿಸೋದು. ಏಜೆಂಟ್ ರಿಫ್ರೆಶ್ ಅಂತ ಊಹೆ ಮಾಡಿ ಅಳಿಸೋದನ್ನ ಒತ್ತಿದ್ರೆ ಅದು ಏಜೆಂಟಿನ ತಪ್ಪು ಅಂತ ನನಗೆ ಅನ್ನಿಸೋದಿಲ್ಲ. ಮತ್ತೆ ಇಲ್ಲಿ ಒಂದು ವಿಷಯ ನಾನು ಒತ್ತಿ ಹೇಳ್ಬೇಕು. ಈ ಮರವನ್ನ ಏಜೆಂಟಿಗೋಸ್ಕರ ಯಾರೂ ಮಾಡಿದ್ದಲ್ಲ, ಇದು ಆಕ್ಸೆಸಿಬಿಲಿಟಿ ಮರ, ಕಣ್ಣು ಕಾಣದವ್ರು ಟಾಕ್‌ಬ್ಯಾಕ್ ಹಾಕ್ಕೊಂಡು ಫೋನ್ ಬಳಸೋವಾಗ ಅವರಿಗೆ ಓದಿ ಹೇಳೋದು ಇದೇ ಮರವನ್ನ. ಏಜೆಂಟಿಗೆ ಹೆಸರಿಲ್ದ ಬಟನ್ ಅಂದ್ರೆ ಟಾಕ್‌ಬ್ಯಾಕ್ ಬಳಸೋ ಅಡಿಕೆ ಬೆಳೆಗಾರನಿಗೂ ಅದು ಹೆಸರಿಲ್ದ ಬಟನ್. ಏಜೆಂಟ್ ಬಂತು ಅಂತ ನಾವು ಈಗ ಕಂಟೆಂಟ್ ಡಿಸ್ಕ್ರಿಪ್ಷನ್ ತುಂಬ್ಲಿಕ್ಕೆ ಶುರು ಮಾಡಿದ್ರೂ ಸಂತೋಷ, ಆದ್ರೆ ಅದು ಇಷ್ಟು ದಿನ ಯಾರಿಗೆ ಬೇಕಾಗಿತ್ತು ಅನ್ನೋದು ಮನಸ್ಸಲ್ಲಿ ಇರ್ಲಿ. ಟೂಲಿನ ಡಾಕ್ಯುಮೆಂಟಲ್ಲಿ ಇದಕ್ಕೆ ಒಂದು ಸಾಲು ಬೇಕು: ಹೆಸರಿಲ್ದ ಬಟನ್ ಸಿಕ್ಕಿದ್ರೆ ಒತ್ಬೇಡ, ಚಿತ್ರ ತೆಗೆದು ಆ ಜಾಗದಲ್ಲಿ ಎಂತ ಇದೆ ನೋಡು, ಆಮೇಲೆ ಹೆಸರಿಲ್ಲ ಅನ್ನೋದನ್ನೇ ಒಂದು ದೋಷ ಅಂತ ವರದಿ ಮಾಡು.

ಈಗ ಪೊಳ್ಳು ಮರಗಳ ಕಡೆ ಬರೋಣ. ನನ್ನ ಪ್ರಕಾರ ಎಲ್ಲದಕ್ಕಿಂತ ಅಪಾಯದ್ದು ಇದು. ಯುಐಆಟೊಮೇಟರ್ ಡಂಪ್ ಕೊಟ್ಟಾಗ ಅದು ತಕ್ಷಣ ಮರ ಬರಿಯೋದಿಲ್ಲ, ಪರದೆ ಒಂದು ಸೆಕೆಂಡ್ ಅಲ್ಲಾಡದೆ ನಿಲ್ಲೋದನ್ನ ಕಾಯ್ತದೆ. ಲೋಡಿಂಗ್ ಚಕ್ರ ತಿರುಗ್ತಾ ಇದ್ರೆ, ವಿಡಿಯೋ ಓಡ್ತಾ ಇದ್ರೆ, ಒಂದು ಬ್ಯಾನರ್ ತನ್ನಷ್ಟಕ್ಕೆ ಸರೀತಾ ಇದ್ರೆ ಪರದೆ ನಿಲ್ಲೋದೇ ಇಲ್ಲ. ಸ್ವಲ್ಪ ಹೊತ್ತು ಕಾದು 'ಕುಡ್ ನಾಟ್ ಗೆಟ್ ಐಡಲ್ ಸ್ಟೇಟ್' ಅಂತ ಒಂದು ಎರರ್ ಹೇಳಿ ಬಿಟ್ಬಿಡ್ತದೆ. ಇಲ್ಲಿವರೆಗೆ ತೊಂದ್ರೆ ಇಲ್ಲ. ಆದ್ರೆ ಈ ಡಂಪ್ ತನ್ನ ಔಟ್‌ಪುಟ್ಟನ್ನ ಫೋನಿನ ಒಳಗೆ ಒಂದು ಫೈಲಿಗೆ ಬರೀತದೆ, ನೀವೇ ಬೇರೆ ಹೆಸರು ಕೊಡದಿದ್ರೆ ಪ್ರತಿ ಸಲವೂ ಅದೇ ಹೆಸರಿನ ಫೈಲ್. ಈ ಸಲ ಡಂಪ್ ಆಗ್ಲಿಲ್ಲ ಅಂದ್ರೆ ಹೋದ ಸಲದ ಫೈಲ್ ಹಾಗೇ ಅಲ್ಲೇ ಕೂತಿರ್ತದೆ! ಏಜೆಂಟ್ ಎರಡು ಕಮಾಂಡನ್ನ ಒಂದಕ್ಕೊಂದು ಸೇರಿಸಿ ಓಡಿಸಿದ್ರೆ, ಅಂದ್ರೆ ಡಂಪ್ ಮಾಡು ಆಮೇಲೆ ಫೈಲ್ ತಗೊಂಡು ಬಾ ಅಂತ, ಫೈಲ್ ಬರ್ತದೆ, ಒಳಗೆ ಚೆಂದದ ಎಕ್ಸ್ಎಂಎಲ್ ಇರ್ತದೆ, ಆದ್ರೆ ಅದು ಹಿಂದಿನ ಪರದೆದು. ಏಜೆಂಟ್ ಅದನ್ನ ನೋಡಿ 'ನಾನು ರಿಫ್ರೆಶ್ ಒತ್ತಿದೆ, ಪರದೆ ಬದಲಾಗ್ಲೇ ಇಲ್ಲ, ಹಾಗಾದ್ರೆ ಬಟನ್ ಕೆಟ್ಟಿದೆ' ಅಂತ ತೀರ್ಮಾನ ಮಾಡಿ ಸರಿ ಇರೋ ಕೋಡನ್ನ ತಿದ್ಲಿಕ್ಕೆ ಹೊರಡ್ತದೆ, ಅಲ್ಲಿಂದ ಮುಂದೆ ಮಾಡೋದೆಲ್ಲ ತಪ್ಪಿನ ಮೇಲೆ ತಪ್ಪು. ಆ ಎರರ್ ಸಾಲು ಡಾಕ್ಯುಮೆಂಟಲ್ಲಿ ಇದ್ದ ಹಾಗೇ ಇರ್ಬೇಕು, ಅದ್ರ ಪಕ್ಕದಲ್ಲೇ ಎಂತ ಮಾಡ್ಬೇಕು ಅಂತ ಇರ್ಬೇಕು: ಡಂಪ್ ಮಾಡೋ ಮೊದ್ಲು ಹಳೇ ಫೈಲ್ ಅಳಿಸು, ಎರರ್ ಬಂದ್ರೆ ಡೆವಲಪರ್ ಆಪ್ಷನ್ಸ್‌ನಲ್ಲಿ ಅನಿಮೇಶನ್ ಸ್ಕೇಲ್ ಸೊನ್ನೆ ಮಾಡಿ ಮತ್ತೆ ನೋಡು, ಆಗ್ಲೂ ಬರ್ಲಿಲ್ಲ ಅಂದ್ರೆ ಚಿತ್ರದ ದಾರಿ ಹಿಡಿ. ಇದು ಮೂರು ಸಾಲಿನ ಬರವಣಿಗೆ. ಈ ಮೂರು ಸಾಲು ಇಲ್ದೇ ಇದ್ರೆ ಅರ್ಧ ದಿನ ಹೋಗ್ತದೆ.

ಇನ್ನೊಂದು ಕೀಬೋರ್ಡ್. ಹುಡುಕೋ ಬಾಕ್ಸ್ ಒತ್ತಿದ್ರೆ ಕೆಳಗಿಂದ ಕೀಬೋರ್ಡ್ ಮೇಲೆ ಬರ್ತದೆ, ನಮ್ಮ ಕಣ್ಣಿಗೆ ಅರ್ಧ ಪರದೆ ಮುಚ್ಚಿ ಹೋಗಿರ್ತದೆ. ಸಾಮಾನ್ಯ ಡಂಪ್ ಈಗ ಎದುರಿಗಿರೋ ಆ್ಯಪ್‌ನ ಕಿಟಕಿಯನ್ನ ಮಾತ್ರ ಬರಿಯೋದು, ಕೀಬೋರ್ಡ್ ಬೇರೆ ಕಿಟಕಿ, ಅದು ಮರದಲ್ಲಿ ಇರೋದೇ ಇಲ್ಲ. ಕೆಲವು ಆ್ಯಪ್‌ಗಳಲ್ಲಿ ಕೀಬೋರ್ಡ್ ಬಂದ್ರೂ ಕೆಳಗಿರೋ ಬಟನ್ನಿನ ಬೌಂಡ್ಸ್ ಮರದಲ್ಲಿ ಹಾಗೇ ಇರ್ತದೆ, ಕ್ಲಿಕೇಬಲ್ ಹೌದು ಅಂತ್ಲೂ ಇರ್ತದೆ. ಏಜೆಂಟ್ ಅಲ್ಲಿ ಒತ್ತಿದ್ರೆ ಒತ್ತೋದು ಕೀಬೋರ್ಡಿನ ಯಾವುದೋ ಅಕ್ಷರ, ಹುಡುಕೋ ಬಾಕ್ಸಲ್ಲಿ ಒಂದು ಅಕ್ಷರ ಹೆಚ್ಚಾಗ್ತದೆ, ಪಟ್ಟಿ ಖಾಲಿಯಾಗ್ತದೆ, ಇದು ಎಲ್ಲಿಂದ ಬಂತು ಅಂತ ಅದಕ್ಕೆ ತಿಳಿಯೋದೇ ಇಲ್ಲ. ಹಾಗೇ ಮೇಲಿಂದ ನೋಟಿಫಿಕೇಶನ್ ಪರದೆ ಎಳೆದಿದ್ರೆ ಡಂಪ್‌ನಲ್ಲಿ ನಮ್ಮ ಆ್ಯಪ್ ಬದಲು ಸಿಸ್ಟಂನ ಮರ ಬಂದು ಕೂತಿರ್ತದೆ. ಅದಕ್ಕೇ ಯಾವುದೇ ಡಂಪ್ ಓದೋ ಮೊದ್ಲು ಪ್ಯಾಕೇಜ್ ನಮ್ಮದೇ ಹೌದಾ ನೋಡು ಅಂತ ಬರೀಬೇಕು.

ಪಟ್ಟಿ ವಿಷಯ ಕೇಳಿ. ಆಂಡ್ರಾಯ್ಡಲ್ಲಿ ಉದ್ದ ಪಟ್ಟಿಗೆ ರಿಸೈಕ್ಲರ್‌ವ್ಯೂ ಬಳಸ್ತಾರೆ, ಅದು ಪರದೆ ಮೇಲೆ ಕಾಣೋ ಸಾಲುಗಳನ್ನ ಮಾತ್ರ ಕಟ್ಟಿ ಇಡ್ತದೆ, ಸರಿಸಿದ ಹಾಗೆ ಅದೇ ಸಾಲುಗಳಲ್ಲಿ ಬೇರೆ ಮಾಹಿತಿ ತುಂಬ್ತದೆ. ಕೋಕಾ ಕೆಳಗಿದ್ರೆ ಮರದಲ್ಲಿ ಕೋಕಾ ಇರೋದಿಲ್ಲ. 'ಕೋಕಾ ದರ ಇದೆಯಾ ನೋಡು' ಅಂತ ಕೇಳಿದ್ರೆ ಏಜೆಂಟ್ ಒಂದು ಡಂಪ್ ನೋಡಿ 'ಇಲ್ಲ' ಅಂತದೆ. ಪರದೆ ಮೇಲೆ ಇಲ್ಲ ಅನ್ನೋದು ಬೇರೆ, ಪಟ್ಟಿಯಲ್ಲೇ ಇಲ್ಲ ಅನ್ನೋದು ಬೇರೆ. ಸ್ಕ್ರೋಲೇಬಲ್ ಹೌದು ಅಂತ ಇರೋ ನೋಡ್ (ಮರದ ಒಂದು ಎಲೆ) ಕಂಡ್ರೆ ತುದಿವರೆಗೆ ಸರಿಸದೆ ಇಲ್ಲ ಅಂತ ಹೇಳ್ಬೇಡ ಅನ್ನೋದು ಡಾಕ್ಯುಮೆಂಟಲ್ಲಿ ಇರ್ಬೇಕಾದ ಮಾತು. ಕೆಳಗಿನ ಗ್ರಾಫ್ ಕೂಡ ಹಾಗೇ, ಅದನ್ನ ಕ್ಯಾನ್ವಾಸ್ ಮೇಲೆ ಗೆರೆ ಎಳೆದು ಬಿಡಿಸಿದ್ದು, ಮರಕ್ಕೆ ಅದೊಂದು ಖಾಲಿ ಚೌಕ, ಅಷ್ಟೇ. ಆ್ಯಪ್ ಕಟ್ಟೋ ಬೇರೆ ಸಾಧನ ಆದ ಫ್ಲಟರಲ್ಲಿ ಮಾಡಿದ ಆ್ಯಪ್ ಆದ್ರೆ ಪೂರ್ತಿ ಪರದೆಯನ್ನೇ ಫ್ಲಟರ್ ತಾನೇ ಬಿಡಿಸ್ತದೆ, ಡೆವಲಪರ್ ಸೆಮ್ಯಾಂಟಿಕ್ಸ್ (ಯಾವುದು ಎಂತ ಅನ್ನೋ ವಿವರ) ಕೊಟ್ಟಷ್ಟು ಮಾತ್ರ ಮರಕ್ಕೆ ಬರ್ತದೆ, ಅದೂ ಹೆಚ್ಚಾಗಿ ಟೆಕ್ಸ್ಟ್ ಜಾಗದಲ್ಲಿ ಬರದೆ ಕಂಟೆಂಟ್ ಡಿಸ್ಕ್ರಿಪ್ಷನ್ ಜಾಗದಲ್ಲಿ ಬರ್ತದೆ. ಜೆಟ್‌ಪ್ಯಾಕ್ ಕಂಪೋಸಲ್ಲಿ (ಆಂಡ್ರಾಯ್ಡ್ ಪರದೆ ಕಟ್ಟೋ ಇನ್ನೊಂದು ಸಾಧನ) ಟೆಸ್ಟಿಗೆ ಅಂತ ಇಡೋ ಹೆಸರು, ಟೆಸ್ಟ್‌ಟ್ಯಾಗ್ ಹಾಕಿರ್ತೀರಿ, ಆದ್ರೆ ಅದು ರಿಸೋರ್ಸ್ ಐಡಿಯಾಗಿ ಡಂಪ್‌ನಲ್ಲಿ ಕಾಣ್ಬೇಕು ಅಂದ್ರೆ ಬೇರೆ ಒಂದು ಸೆಟ್ಟಿಂಗ್ ಆನ್ ಮಾಡ್ಬೇಕು, ಇಲ್ಲಾಂದ್ರೆ ಕೋಡಲ್ಲಿ ಇರೋ ಹೆಸರನ್ನ ಏಜೆಂಟ್ ಮರದಲ್ಲಿ ಹುಡುಕ್ತಾ ಕೂರ್ತದೆ. ಅದಕ್ಕೇ ಡಾಕ್ಯುಮೆಂಟಿನ ಮೊದಲ ಸಾಲಲ್ಲೇ ಈ ಆ್ಯಪ್ ಯಾವುದ್ರಲ್ಲಿ ಕಟ್ಟಿದ್ದು ಅಂತ ಬರೀರಿ, ನಿಮಗೆ ಅದು ಸಣ್ಣ ವಿಷಯ, ಓದೋ ಏಜೆಂಟಿಗೆ ಅರ್ಧ ಕೆಲ್ಸ ಕಡಿಮೆ.

ಅಳತೆ ಬಗ್ಗೆ. ಡಂಪ್ ಕೊಡೋ ಬೌಂಡ್ಸ್ ಪಿಕ್ಸೆಲಲ್ಲಿ ಇರ್ತದೆ, ಇನ್‌ಪುಟ್ ಟ್ಯಾಪ್ ಕೇಳೋದೂ ಪಿಕ್ಸೆಲ್ಲೇ, ಅದೊಂದು ಪುಣ್ಯ. ಆದ್ರೆ ಸ್ಕ್ರೀನ್‌ಶಾಟ್ 1080ಕ್ಕೆ 2400 ಇದ್ರೆ ಅದನ್ನ ಹಾಗೇ ಮಾಡೆಲಿಗೆ (ಏಜೆಂಟಿನ ಒಳಗೆ ಯೋಚನೆ ಮಾಡೋ ಎಐಗೆ) ಕಳಿಸೋದು ದುಬಾರಿ ಅಂತ ಟೂಲ್ ಅದನ್ನ ಕುಗ್ಗಿಸಿ 540ಕ್ಕೆ 1200 ಮಾಡಿ ಕಳಿಸಿರ್ತದೆ. ಮಾಡೆಲ್ ಚಿತ್ರದಲ್ಲಿ ಬಟನ್ ನೋಡಿ 270, 195 ಅಂತ ಹೇಳ್ತದೆ. ಅದನ್ನ ಎರಡರಿಂದ ಗುಣಿಸದೆ ಒತ್ತಿದ್ರೆ ಪರದೆಯ ಬೇರೆಲ್ಲೋ ಒತ್ತಿದ ಹಾಗೆ. ಐಫೋನಲ್ಲಿ ಇನ್ನೂ ಬೇರೆ, ಅಲ್ಲಿ ವಸ್ತುಗಳ ಅಳತೆ ಪಾಯಿಂಟಲ್ಲಿ, ಚಿತ್ರ ಪಿಕ್ಸೆಲಲ್ಲಿ. ಐಫೋನ್ 14ರಲ್ಲಿ ಪರದೆ 390ಕ್ಕೆ 844 ಪಾಯಿಂಟ್, ಸ್ಕ್ರೀನ್‌ಶಾಟ್ 1170ಕ್ಕೆ 2532 ಪಿಕ್ಸೆಲ್, ಮೂರು ಪಟ್ಟು ವ್ಯತ್ಯಾಸ. ಪ್ರತಿ ಸಂಖ್ಯೆ ಪಕ್ಕ ಅದು ಯಾವ ಅಳತೆ ಅಂತ ಬರಿಯೋದು ಬೇಜಾರಿನ ಕೆಲ್ಸ, ನಿಜ. ಮಾಡ್ಲೇಬೇಕು. ಸಾಧ್ಯ ಆದ್ರೆ ಟೂಲ್ ಕೊಡೋ ಉತ್ರದ ಒಳಗೇ ಆ ಮಾಹಿತಿ ಇರ್ಲಿ, ಡಾಕ್ಯುಮೆಂಟ್ ಒಂದು ಕಡೆ ಉತ್ರ ಒಂದು ಕಡೆ ಇದ್ರೆ ಹತ್ತು ಹೆಜ್ಜೆ ಹೋಗೋವಷ್ಟರಲ್ಲಿ ಏಜೆಂಟಿಗೆ ಮೊದ್ಲು ಓದಿದ್ದು ಹಿಂದೆ ಬಿದ್ದಿರ್ತದೆ.

ಈಗ ನಮಗೆ ಕನ್ನಡದವ್ರಿಗೆ ಬೇಕಾದ್ದು, ಬೇರೆಯವ್ರು ಯಾರೂ ನಮಗೋಸ್ಕರ ಬರ್ದು ಕೊಡದೇ ಇರೋದು. ಎಡಿಬಿಯ ಇನ್‌ಪುಟ್ ಟೆಕ್ಸ್ಟ್ ಕಮಾಂಡಿಗೆ ಕನ್ನಡ ಅಕ್ಷರ ಕೊಟ್ರೆ ಟೈಪ್ ಆಗೋದಿಲ್ಲ. ಅದು ಕೀಬೋರ್ಡಿನ ಕೀ ಒತ್ತಿದ ಹಾಗೆ ನಟಿಸೋ ಕಮಾಂಡ್, ಇಂಗ್ಲಿಷಿನ ಮೂಲ ಅಕ್ಷರ, ಅಂಕಿಗಳಿಗೆ ಮಾತ್ರ ಕೀ ಇದೆ, 'ಬೆಟ್ಟೆ' ಅನ್ನೋದಕ್ಕೆ ಅದ್ರ ಹತ್ರ ಕೀ ಇಲ್ಲ. ಕಮಾಂಡ್ ಎಕ್ಸೆಪ್ಷನ್ ಹೊಡೆದು ಬಿದ್ದೋಗ್ತದೆ, ಅದನ್ನ ಆ್ಯಪ್ ಬಿದ್ದೋಯ್ತು ಅಂತ ಓದೋ ಸಾಧ್ಯತೆ ತುಂಬಾ. ಕನ್ನಡ ಟೈಪ್ ಮಾಡ್ಬೇಕು ಅಂದ್ರೆ ಎಡಿಬಿ ಕೀಬೋರ್ಡ್ ಅನ್ನೋ ಓಪನ್ ಸೋರ್ಸ್ ಕೀಬೋರ್ಡ್ ಹಾಕಿ ಬ್ರಾಡ್‌ಕಾಸ್ಟ್ ಮೂಲಕ ಪಠ್ಯ ಕಳಿಸ್ಬೇಕು, ಇಲ್ಲಾಂದ್ರೆ ಆ್ಯಪಿಯಂ ತರದ್ದು ಬಳಸಿ ಬಾಕ್ಸಿಗೆ ನೇರ ಪಠ್ಯ ಇಡ್ಬೇಕು. ಇನ್ನೊಂದು ಹುಡುಕೋ ವಿಷಯ. ಕನ್ನಡದ 'ಕೊ' ಯುನಿಕೋಡಲ್ಲಿ ಎರಡು ರೀತಿ ಬರೀಬಹುದು, ಒತ್ವವನ್ನ ಒಂದೇ ಚಿಹ್ನೆಯಾಗಿ ಇಡಬಹುದು, ಇಲ್ಲಾ ಎತ್ವದ ಚಿಹ್ನೆ ಮತ್ತೆ ಊತ್ವದ ಚಿಹ್ನೆ ಎರಡನ್ನೂ ಸೇರಿಸಿ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. 'ಕೋಕಾ' ಅನ್ನೋದರಲ್ಲೂ ಇದೇ ಕಥೆ, ಅಲ್ಲಿ ದೀರ್ಘದ ಚಿಹ್ನೆ ಇನ್ನೂ ಒಂದು ಸೇರ್ತದೆ. ಇನ್ನು ಕಣ್ಣಿಗೆ ಕಾಣದ ಜೋಡಣೆ ಬಿಡಿಸೋ ಅಕ್ಷರ ಇದೆ, 'ಫೇಸ್‌ಬುಕ್' ಅಂತ ಬರಿಯೋವಾಗ ಸ ಕೆಳಗೆ ಬ ಒತ್ತಾಗಿ ಹೋಗಬಾರ್ದು ಅಂತ ನಡುವೆ ಹಾಕೋದು. ಒಬ್ರು ಹಾಕಿರ್ತಾರೆ, ಒಬ್ರು ಹಾಕಿರೋದಿಲ್ಲ. ಮರದಲ್ಲಿ ಕನ್ನಡ ಪದ ಹುಡುಕೋ ಟೂಲ್ ಇದ್ರೆ, ಹುಡುಕೋ ಮೊದ್ಲು ಎರಡೂ ಕಡೆ ನಾರ್ಮಲೈಸ್ (ಬೇರೆ ಬೇರೆ ರೀತಿ ಬರ್ದದ್ದನ್ನ ಒಂದೇ ರೀತಿಗೆ ತರೋದು) ಮಾಡ್ತದೋ ಇಲ್ವೋ ಅಂತ ಡಾಕ್ಯುಮೆಂಟಲ್ಲಿ ಒಂದು ಸಾಲು ಇರ್ಬೇಕು, ಮತ್ತೆ ನಾರ್ಮಲೈಸ್ ಮಾಡಿದ ಮಾತ್ರಕ್ಕೆ ಆ ಕಾಣದ ಅಕ್ಷರ ಹೋಗೋದಿಲ್ಲ, ಅದನ್ನ ಬೇರೆಯಾಗಿ ತೆಗೀಬೇಕು. ನಮ್ಮ ಭಾಷೆಯ ಆ್ಯಪ್‌ಗಳನ್ನ ನಾವೇ ಟೆಸ್ಟ್ ಮಾಡ್ಬೇಕಾಗಿದೆ, ಹಾಗಾಗಿ ಇದನ್ನೂ ನಾವೇ ಬರ್ದಿಡಬೇಕು ಅಂತ ನನಗೆ ಬಲವಾಗಿ ಅನ್ನಿಸ್ತದೆ.

ಬರಿಯೋದು ಎಲ್ಲಿ? 2024ರ ನವೆಂಬರಲ್ಲಿ ಆಂಥ್ರಾಪಿಕ್ ಕಂಪನಿ ಎಂಸಿಪಿ ಅಂತ ಮಾಡೆಲಿಗೆ ಟೂಲ್ ಜೋಡಿಸೋ ಒಂದು ಮಾನದಂಡ ಬಿಡುಗಡೆ ಮಾಡ್ತು, ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಅಂತ. ಅದ್ರಲ್ಲಿ ಪ್ರತಿ ಟೂಲಿಗೂ ಒಂದು ಹೆಸರು, ಒಂದು ವಿವರಣೆ, ಯಾವ ಯಾವ ಇನ್‌ಪುಟ್ ಬೇಕು ಅನ್ನೋ ಸ್ಕೀಮಾ ಇರ್ತದೆ. ಟೂಲ್ ಬರೀ ಓದೋದಾ, ಇಲ್ಲಾ ಏನಾದ್ರೂ ಹಾಳು ಮಾಡಬಹುದಾ ಅಂತ ಸೂಚನೆ ಕೊಡ್ಲಿಕ್ಕೂ ಜಾಗ ಇದೆ. ಈ ವಿವರಣೆಯ ನಾಲ್ಕು ಸಾಲೇ ಏಜೆಂಟ್ ಖಂಡಿತ ಓದೋ ಡಾಕ್ಯುಮೆಂಟ್, ಉಳಿದ ಪುಟಗಳನ್ನ ಓದ್ತದೋ ಬಿಡ್ತದೋ ಹೇಳ್ಲಿಕ್ಕೆ ಬರೋದಿಲ್ಲ. ಸಾಮಾನ್ಯವಾಗಿ ಅಲ್ಲಿ ಬರೆಯೋದು 'ಪರದೆಯ ಯುಐ ಮರವನ್ನು ಪಡೆಯುತ್ತದೆ' ಅಂತ. ಇದ್ರಿಂದ ಎಂತ ಉಪಯೋಗ? ಹೆಸರಲ್ಲೇ ಅದು ಇದೆ. ನಾನಾದ್ರೆ ಹೀಗೆ ಬರೀತೇನೆ:

'ಈಗ ಎದುರಿಗಿರೋ ಕಿಟಕಿಯ ಮರ ಕೊಡುತ್ತದೆ. ಕೀಬೋರ್ಡ್, ಟೋಸ್ಟ್ (ಮಿಂಚಿ ಮಾಯವಾಗುವ ಸಂದೇಶ), ಕ್ಯಾನ್ವಾಸ್ ಮೇಲೆ ಬಿಡಿಸಿದ್ದು, ಪಟ್ಟಿಯಲ್ಲಿ ಸರಿಸದ ಸಾಲು ಇದರಲ್ಲಿ ಇರುವುದಿಲ್ಲ. ಅಳತೆ ಪಿಕ್ಸೆಲ್. ಪರದೆ ಅಲ್ಲಾಡುತ್ತಿದ್ದರೆ ಮರ ಸಿಗುವುದಿಲ್ಲ, ಹಳೆಯ ಫೈಲನ್ನು ಮೊದಲೇ ಅಳಿಸುವುದರಿಂದ ಉತ್ತರ ಖಾಲಿ ಇರುತ್ತದೆ, ಹಳೆಯದನ್ನು ಕೊಡುವುದಿಲ್ಲ. ಆಗ ಸ್ಕ್ರೀನ್‌ಶಾಟ್ ಟೂಲ್ ಬಳಸಿ. ಬಣ್ಣ, ಐಕಾನ್, ಒಂದರ ಮೇಲೊಂದು ಬಿದ್ದಿದ್ದು ನೋಡಬೇಕಾದರೆ ಇದು ಬೇಡ.'

ಓದ್ಲಿಕ್ಕೆ ಒಣಗಿದ ಹಾಗಿದೆ, ಹೌದು, ಆದ್ರೆ ಒಂದೊಂದು ಸಾಲೂ ಒಂದೊಂದು ತಪ್ಪು ದಾರಿಯನ್ನ ಮುಚ್ತದೆ. ಉದ್ದ ಮಾಡ್ಲಿಕ್ಕೆ ಹೋಗ್ಬೇಡಿ, ಡಂಪ್ ಒಂದೇ ಸಾವಿರಾರು ಟೋಕನ್ (ಮಾಡೆಲ್ ಪಠ್ಯ ಓದೋ ತುಂಡುಗಳು) ತಿಂತದೆ, ಅದ್ರ ಮೇಲೆ ನಿಮ್ಮ ಪ್ರಬಂಧವೂ ಸೇರಿದ್ರೆ ಕೆಲ್ಸಕ್ಕೆ ಜಾಗ ಉಳಿಯೋದಿಲ್ಲ. ಡಂಪಿಗೆ ಕಂಪ್ರೆಸ್ಡ್ ಅಂತ ಒಂದು ಆಯ್ಕೆ ಇದೆ, ಕೆಲ್ಸಕ್ಕೆ ಬಾರದ ಒಳಗಿನ ಪದರಗಳನ್ನ ಬಿಡ್ತದೆ, ಅದನ್ನ ಯಾವಾಗ ಬಳಸ್ಬೇಕು ಅಂತ ಹೇಳಿ.

ಸುರಕ್ಷತೆ ಬಗ್ಗೆ ಎರಡು ಮಾತು ಹೇಳ್ದೆ ಮುಂದೆ ಹೋಗೋದು ಸರಿಯಲ್ಲ. ಬ್ಯಾಂಕ್ ಆ್ಯಪ್‌ಗಳಲ್ಲಿ ಪರದೆಯ ಚಿತ್ರ ತೆಗೀದಂತೆ ತಡೆಯೋ ಸೆಕ್ಯೂರ್ ಫ್ಲ್ಯಾಗ್ ಹಾಕಿದ್ರೆ ಸ್ಕ್ರೀನ್‌ಶಾಟ್ ತೆಗೀಲಿಕ್ಕೆ ಬರೋದಿಲ್ಲ, ಇಲ್ಲಾ ಕಪ್ಪಗೆ ಬರ್ತದೆ. ಚಿತ್ರ ಬರ್ಲಿಲ್ಲ ಅಂತ ಪರದೆಯೇ ಖಾಲಿ ಅಂದ್ಕೊಳ್ಳಬೇಡ ಅಂತ ಏಜೆಂಟಿಗೆ ಹೇಳ್ಬೇಕು. ಆದ್ರೆ ಅದಕ್ಕಿಂತ ಮುಖ್ಯ, ಆ ಫ್ಲ್ಯಾಗ್ ಮರವನ್ನ ಮುಚ್ಚೋದಿಲ್ಲ. ಚಿತ್ರದಲ್ಲಿ ಕಾಣದ ಬ್ಯಾಲೆನ್ಸು ಡಂಪ್‌ನಲ್ಲಿ ಅಕ್ಷರವಾಗಿ ಬಂದಿರಬಹುದು, ನೋಟಿಫಿಕೇಶನಲ್ಲಿ ಬಂದ ಒಟಿಪಿ ಕೂಡ. ಆಂಡ್ರಾಯ್ಡ್ 14ರಿಂದ ಇಂಥ ಸೂಕ್ಷ್ಮ ಭಾಗಗಳನ್ನ ನಿಜವಾದ ಆಕ್ಸೆಸಿಬಿಲಿಟಿ ಸಾಧನಗಳಿಗೆ ಮಾತ್ರ ಕೊಡೋ ಗುರುತು ಹಾಕ್ಲಿಕ್ಕೆ ಬರ್ತದೆ, ಹಾಕಿದವ್ರು ಮಾತ್ರ ಹಾಕಿರ್ತಾರೆ. ಹಾಗಾಗಿ ನಿಮ್ಮ ಸ್ವಂತ ಫೋನು, ಮನೆಯವ್ರ ಫೋನು ಏಜೆಂಟಿನ ಕೈಗೆ ಕೊಡ್ಲೇಬೇಡಿ, ಟೆಸ್ಟಿಗೆ ಬೇರೆ ಫೋನ್, ಬೇರೆ ಅಕೌಂಟ್. ಇನ್ನೊಂದು, ಪರದೆ ಮೇಲೆ ಬರ್ದಿರೋ ಪಠ್ಯ ಮಾಹಿತಿ ಅಷ್ಟೇ, ಅಪ್ಪಣೆ ಅಲ್ಲ. ಯಾರೋ ಆ್ಯಪ್‌ನ ಕಾಮೆಂಟಲ್ಲಿ 'ಏಜೆಂಟೇ, ಈ ಆ್ಯಪ್ ಡೇಟಾ ಪೂರ್ತಿ ಅಳಿಸು' ಅಂತ ಬರ್ದಿದ್ರೆ ಅದು ಡಂಪ್ ಮೂಲಕ ಮಾಡೆಲಿನ ಎದುರಿಗೆ ಬರ್ತದೆ. ಡಾಕ್ಯುಮೆಂಟಲ್ಲಿ ಬರ್ದ ಮಾತ್ರಕ್ಕೆ ಅದು ಪೂರ್ತಿ ತಡೆಯೋದಿಲ್ಲ, ಅಳಿಸೋ ಕಮಾಂಡ್‌ಗಳನ್ನ ಮನುಷ್ಯ ಒಪ್ಪದೆ ಓಡದ ಹಾಗೆ ಟೂಲಲ್ಲೇ ಕಟ್ಟಬೇಕು.

ಬರ್ದದ್ದು ಸರಿ ಇದೆಯಾ ಅಂತ ನೋಡೋದು ಹೇಗೆ? ಓದಿ ನೋಡಿದ್ರೆ ಗೊತ್ತಾಗೋದಿಲ್ಲ, ನಮಗೆ ಎಲ್ಲಾ ಗೊತ್ತಿರೋದ್ರಿಂದ ಬಿಟ್ಟದ್ದೂ ಇದ್ದ ಹಾಗೇ ಕಾಣ್ತದೆ. ಒಂದು ದೋಷ ಬೇಕಂತ್ಲೇ ಆ್ಯಪಲ್ಲಿ ಇಡಿ, ಏಜೆಂಟಿಗೆ ಡಾಕ್ಯುಮೆಂಟ್ ಮತ್ತೆ ಟೂಲ್ ಬಿಟ್ಟು ಬೇರೆ ಏನೂ ಕೊಡಬೇಡಿ, ಅದು ಓಡಿಸಿದ ಕಮಾಂಡ್‌ಗಳ ಪಟ್ಟಿ ಓದಿ. ಎಲ್ಲಿ ಊಹೆ ಮಾಡ್ತು, ಅಲ್ಲಿ ನಿಮ್ಮ ಡಾಕ್ಯುಮೆಂಟಲ್ಲಿ ಒಂದು ಸಾಲು ಇಲ್ಲ. ಮತ್ತೆ 'ಸರಿ ಆಯ್ತು' ಅಂತ ಏಜೆಂಟ್ ಹೇಳಿದ್ದನ್ನ ತಗೊಳ್ಬೇಡಿ, ಫೋನಿನ ಸ್ಥಿತಿಯನ್ನೇ ಬೇರೆಯಾಗಿ ನೋಡಿ. ಗೂಗಲ್‌ನ ಸಂಶೋಧಕರು 2024ರಲ್ಲಿ ಮಾಡಿದ ಆಂಡ್ರಾಯ್ಡ್‌ವರ್ಲ್ಡ್ ಅನ್ನೋ ಪರೀಕ್ಷೆ 20 ಆ್ಯಪ್‌ಗಳಲ್ಲಿ 116 ಕೆಲ್ಸ ಕೊಡ್ತದೆ, ಅಲ್ಲೂ ಕೆಲ್ಸ ಆಯ್ತೋ ಇಲ್ವೋ ಅಂತ ನಿರ್ಧಾರ ಆಗೋದು ಫೋನಿನ ಒಳಗಿನ ಸ್ಥಿತಿ ನೋಡಿ. ಆ ಕ್ರಮ ನಮ್ಮ ಸಣ್ಣ ಆ್ಯಪಿಗೂ ಆಗ್ತದೆ.

ಆಮೇಲೆ ಪ್ರಶ್ನೆಗಳು ಬಂದ್ವು, ಎರಡನ್ನ ಇಲ್ಲಿ ಹಾಕ್ತೇನೆ.

ಸಿದ್ದಾಪುರದ ಒಬ್ಬಳು ಹುಡುಗಿ ಕೇಳಿದ್ಳು: 'ಸರ್, ಈ ಡಾಕ್ಯುಮೆಂಟ್ ಕನ್ನಡದಲ್ಲೇ ಬರ್ದ್ರೆ ಏಜೆಂಟಿಗೆ ತಿಳೀತದಾ?'

ತಿಳೀತದೆ ತಂಗಿ, ದೊಡ್ಡ ಮಾಡೆಲ್‌ಗಳಿಗೆಲ್ಲ ಕನ್ನಡ ಓದ್ಲಿಕ್ಕೆ ಬರ್ತದೆ. ಎರಡು ವಿಷಯ ನೆನಪಲ್ಲಿ ಇಟ್ಕೊ. ಕನ್ನಡಕ್ಕೆ ಸಾಮಾನ್ಯವಾಗಿ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ಹೋಗ್ತದೆ, ಹಾಗಾಗಿ ಚುಟುಕಾಗಿ ಬರಿ. ಮತ್ತೆ ಎರರ್ ಸಾಲು, ಕಮಾಂಡ್, ರಿಸೋರ್ಸ್ ಐಡಿ ಇವನ್ನ ಟೂಲ್ ಹೇಗೆ ಕೊಡ್ತದೋ ಹಾಗೇ ಇಡು, ಕನ್ನಡ ಮಾಡ್ಲಿಕ್ಕೆ ಹೋಗ್ಬೇಡ, ಏಜೆಂಟ್ ಅದನ್ನ ಅಕ್ಷರಕ್ಕೆ ಅಕ್ಷರ ತಾಳೆ ನೋಡ್ತದೆ. ಆದ್ರೆ ನಿಮ್ಮ ತಂಡದವ್ರು ಕನ್ನಡದಲ್ಲಿ ಚೆನ್ನಾಗಿ ಯೋಚನೆ ಮಾಡ್ತೀರಿ ಅಂದ್ರೆ ಕನ್ನಡದಲ್ಲೇ ಬರೀರಿ, ಅರೆಬರೆ ಇಂಗ್ಲಿಷಲ್ಲಿ ಬರ್ದದ್ದಕ್ಕಿಂತ ಸ್ಪಷ್ಟ ಕನ್ನಡದಲ್ಲಿ ಬರ್ದದ್ದು ಎಷ್ಟೋ ಮೇಲು.

ಹಿಂದೆ ಕೂತಿದ್ದ ಕಾರವಾರದ ಒಬ್ರು, ಆ್ಯಪ್ ಟೆಸ್ಟಿಂಗ್ ಕೆಲ್ಸದಲ್ಲೇ ಇರೋವ್ರು, ಕೇಳಿದ್ರು: 'ಎಮ್ಯುಲೇಟರಲ್ಲಿ (ಕಂಪ್ಯೂಟರಲ್ಲಿ ಓಡೋ ನಕಲಿ ಫೋನ್) ಎಲ್ಲಾ ಸರಿ ನಡೀತದೆ, ನಿಜವಾದ ಫೋನಿಗೆ ಹಾಕಿದ್ರೆ ಟ್ಯಾಪ್ ಆಗೋದೇ ಇಲ್ಲ ಮಾರಾಯ್ರೆ, ಏಜೆಂಟ್ ಮ್ಯಾನಿಫೆಸ್ಟ್ (ಆ್ಯಪಿಗೆ ಯಾವ ಪರ್ಮಿಶನ್ ಬೇಕು ಅಂತ ಬರ್ದಿರೋ ಫೈಲ್) ತಿದ್ಲಿಕ್ಕೆ ಶುರು ಮಾಡ್ತದೆ.'

ಇದು ತುಂಬಾ ಒಳ್ಳೆ ಉದಾಹರಣೆ. ಕೆಲವು ಕಂಪನಿಗಳ ಫೋನಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿದ್ರೆ ಓದ್ಲಿಕ್ಕೆ ಬಿಡ್ತದೆ, ಡಂಪ್ ಬರ್ತದೆ, ಸ್ಕ್ರೀನ್‌ಶಾಟ್ ಬರ್ತದೆ, ಆದ್ರೆ ಒತ್ಲಿಕ್ಕೆ ಇನ್ನೊಂದು ಬೇರೆ ಸ್ವಿಚ್ ಡೆವಲಪರ್ ಆಪ್ಷನ್ಸ್ ಒಳಗೆ ಆನ್ ಮಾಡ್ಬೇಕು. ಅದಿಲ್ದೇ ಟ್ಯಾಪ್ ಕೊಟ್ರೆ ಇಂಜೆಕ್ಟ್ ಈವೆಂಟ್ಸ್ ಪರ್ಮಿಶನ್ ಇಲ್ಲ ಅಂತ ಸೆಕ್ಯುರಿಟಿ ಎಕ್ಸೆಪ್ಷನ್ ಬರ್ತದೆ. ಪರ್ಮಿಶನ್ ಅನ್ನೋ ಪದ ನೋಡಿದ ಕೂಡ್ಲೇ ಏಜೆಂಟ್ ನಿಮ್ಮ ಆ್ಯಪ್‌ನ ಮ್ಯಾನಿಫೆಸ್ಟಿಗೆ ಹೋಗಿ ಆ ಪರ್ಮಿಶನ್ ಸೇರಿಸ್ತದೆ, ಅದು ಸಾಮಾನ್ಯ ಆ್ಯಪಿಗೆ ಸಿಗೋ ಪರ್ಮಿಶನ್ನೇ ಅಲ್ಲ, ಮತ್ತೆ ಬಿಲ್ಡ್ ಮಾಡ್ತದೆ, ಮತ್ತೆ ಅದೇ ಎರರ್, ಮತ್ತೆ ಬೇರೆ ಕಡೆ ತಿದ್ತದೆ. ಟ್ಯಾಪ್ ಟೂಲಿನ ವಿವರಣೆಯಲ್ಲೇ ಆ ಎರರ್ ಹೆಸರು ಹಾಕಿ, ಅದ್ರ ಮುಂದೆ ಬರೀರಿ: ಇದು ಫೋನಿನ ಸೆಟ್ಟಿಂಗ್, ಆ್ಯಪ್‌ನ ದೋಷ ಅಲ್ಲ, ಕೋಡ್ ಮುಟ್ಟಬೇಡ, ಕೆಲ್ಸ ನಿಲ್ಲಿಸು, ಡೆವಲಪರ್ ಆಪ್ಷನ್ಸಲ್ಲಿ ಆ ಸ್ವಿಚ್ ಆನ್ ಮಾಡಿ ಕೊಡಿ ಅಂತ ಮನುಷ್ಯನಿಗೆ ಹೇಳು.